ಬ್ಯಾಟರಿ ಹೊಸದು, ತೊಂದರೆ ಹಳೆಯದು

ಗಾಡಿ ಪ್ರಶ್ನೆ: ಓದುಗರ ಪತ್ರಗಳಿಗೆ ಉತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಕೂಟರಿನ ಕರೆಂಟಿನ ತೊಂದರೆಯವೇ. ದೂರು ಮಾತ್ರ ಎಲ್ಲರದ್ದೂ ಒಂದೇ. ರಿಪೇರಿ ಮಾಡಿಸಿದೆ, ಸ್ವಲ್ಪ ದಿನ ಚೆನ್ನಾಗಿತ್ತು, ಮತ್ತೆ ಅದೇ ಕತೆ. ಶಿವಮೊಗ್ಗದ ನನ್ನ ಎಲೆಕ್ಟ್ರಿಕಲ್ ಅಂಗಡಿಗೂ ಇಂಥ ಗಾಡಿಗಳೇ ಜಾಸ್ತಿ ಬರುತ್ತವೆ. ಪಾರ್ಟ್ ಬದಲಾಗಿರುತ್ತದೆ. ಹಳೆಯದು ಯಾಕೆ ಹೋಯಿತು ಅಂತ ಯಾರೂ ನೋಡಿರುವುದಿಲ್ಲ. ಹಾಗಾಗಿ ಈ ಸಲ ಮೊದಲ ಪತ್ರಕ್ಕೆ ಉದ್ದವಾಗಿಯೇ ಬರೆಯುತ್ತೇನೆ. ಉಳಿದವರಿಗೂ ಅದರಲ್ಲಿ ಕೆಲಸಕ್ಕೆ ಬರುವುದು ಇದೆ.

ಪ್ರಶ್ನೆ: ಸರ್, ನನ್ನದು 2016ರ 110 ಸಿಸಿ ಸ್ಕೂಟರ್. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್, ಅಷ್ಟೇ ಓಡಾಟ. ಎರಡು ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದೆ. ಈಗ ಮತ್ತೆ ಬೆಳಗ್ಗೆ ಸೆಲ್ಫ್ ಒತ್ತಿದರೆ ಟಕ್ ಟಕ್ ಅನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಸ್ಟಾರ್ಟರ್ ಮೋಟರ್ ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಮಾಡಿಸಲೇ? ಹ್ಯಾಂಡಲ್ ಹತ್ತಿರ ಒಂದು ಮೊಬೈಲ್ ಚಾರ್ಜರ್ ಕೂಡ ಹಾಕಿಸಿದ್ದೇನೆ.
– ಶಿಕ್ಷಕಿ, ಕುಂದಾಪುರ

ಉತ್ತರ: ಈಗಲೇ ಬೇಡ ಮೇಡಂ. ಆ ಟಕ್ ಟಕ್ ಶಬ್ದ ಮೋಟರಿನದ್ದಲ್ಲ, ಸ್ಟಾರ್ಟರ್ ರಿಲೇಯದ್ದು, ಅಂದರೆ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚಿನದ್ದು. ರಿಲೇ ಎಳೆಯುವಷ್ಟು ಕರೆಂಟ್ ಇದೆ, ಮೋಟರ್ ತಿರುಗಿಸುವಷ್ಟು ಇಲ್ಲ ಅಂತ ಅರ್ಥ. ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. ಇಂಡಿಕೇಟರ್ ಹಾಕಿಕೊಂಡು ಸೆಲ್ಫ್ ಒತ್ತಿ. ಟಕ್ ಟಕ್ ಅನ್ನುವಾಗ ಇಂಡಿಕೇಟರ್ ಮಂಕಾಗಿ ನಿಂತುಹೋದರೆ ತೊಂದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ಕಡೆ. ಒಂದೇ ಒಂದು ಟಕ್ ಬಂದು, ಲೈಟು ಮಂಕಾಗದೆ ಹಾಗೇ ಇದ್ದರೆ ಆಗ ಮೋಟರಿನ ಕಾರ್ಬನ್ ಬ್ರಷ್ ಮೇಲೆ, ರಿಲೇಯ ಕಾಂಟ್ಯಾಕ್ಟ್ ಮೇಲೆ ಅನುಮಾನ ಪಡಬಹುದು. ಬ್ರಷ್ ಸವೆದಿದ್ದರೂ ಎಷ್ಟೋ ಸಲ ಬ್ರಷ್ ಮಾತ್ರ ಬದಲಾಯಿಸಿದರೆ ಸಾಕಾಗುತ್ತದೆ. ಇಡೀ ಮೋಟರ್ ಬೇಕಾಗುವುದಿಲ್ಲ.

ಇನ್ನು ಅಳತೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಡಿಜಿಟಲ್ ಮಲ್ಟಿಮೀಟರ್ ಸಿಗುತ್ತದೆ. ಮೂರನೇ ಬ್ಯಾಟರಿ ಕೊಳ್ಳುವ ಮೊದಲು ಅದನ್ನು ತನ್ನಿ. ಬಳಸುವುದು ಕಷ್ಟವಲ್ಲ, ಶಾಲೆಯ ವಿಜ್ಞಾನದ ಮಕ್ಕಳಿಗೂ ತೋರಿಸಬಹುದು. ಗುಂಡಿಯನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೈನಸ್‌ಗೆ.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಕೀ ಹಾಕುವ ಮೊದಲು ನೋಡಿ. 12.6ರಿಂದ 12.8 ಇದ್ದರೆ ಬ್ಯಾಟರಿ ತುಂಬಿದೆ. 12.2ರ ಆಸುಪಾಸು ಅಂದರೆ ಸುಮಾರು ಅರ್ಧ. 12ಕ್ಕಿಂತ ಕಮ್ಮಿ ಇದ್ದರೆ ಬರಿದಾಗುತ್ತಾ ಬಂದಿದೆ. ಆಮೇಲೆ ಸೆಲ್ಫ್ ಒತ್ತುವಾಗ ನೋಡಿ. 12.6 ಇದ್ದದ್ದು ಒತ್ತಿದ ತಕ್ಷಣ 9ಕ್ಕೋ 8ಕ್ಕೋ ಬಿದ್ದರೆ ಬ್ಯಾಟರಿಯೊಳಗೆ ಜೀವ ಇಲ್ಲ, ಮೇಲೆ ಮಾತ್ರ ವೋಲ್ಟ್ ತೋರಿಸುತ್ತಿದೆ. 10ರ ಮೇಲೆ ನಿಂತರೆ ಬ್ಯಾಟರಿಯನ್ನು ಬೈಯಬೇಡಿ. ಕೊನೆಗೆ ಕಿಕ್ ಹೊಡೆದು ಎಂಜಿನ್ ಸ್ಟಾರ್ಟ್ ಮಾಡಿ, ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿಕೊಂಡು ಆಕ್ಸಿಲರೇಟರ್ ಸ್ವಲ್ಪ ಏರಿಸಿ. ಮೀಟರ್ 13.5ರಿಂದ 14.7ರ ಒಳಗೆ ತೋರಿಸಬೇಕು. 12.3 ಇದ್ದದ್ದು 12.3ರಲ್ಲೇ ಕೂತಿದ್ದರೆ ಗಾಡಿ ಬ್ಯಾಟರಿಗೆ ಚಾರ್ಜ್ ಕೊಡುತ್ತಲೇ ಇಲ್ಲ. 15 ದಾಟಿದರೆ ಅದು ಇನ್ನೂ ಕೆಟ್ಟದ್ದು. ಆರ್‌ಆರ್ ಯೂನಿಟ್ (ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ತಡೆಯುತ್ತಿಲ್ಲ, ಬ್ಯಾಟರಿ ಒಳಗೇ ಬೇಯುತ್ತಿದೆ, ಬಲ್ಬುಗಳೂ ಒಂದೊಂದಾಗಿ ಹೋಗುತ್ತವೆ.

ಇಷ್ಟು ಮಾಡಲು ಹತ್ತು ನಿಮಿಷ ಸಾಕು. ನಿಮ್ಮ ಎರಡು ಬ್ಯಾಟರಿಗೂ ಯಾರಾದರೂ ಈ ಹತ್ತು ನಿಮಿಷ ಕೊಟ್ಟಿದ್ದರೆ ಎರಡನೆಯದು ಉಳಿಯುತ್ತಿತ್ತು ಅಂತ ನನಗೆ ಅನಿಸುತ್ತದೆ. ಸಂಬಳದ ದುಡ್ಡು ಹೀಗೆ ಸುಮ್ನೆ ಹೋಗುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಚಾರ್ಜ್ ಬರುತ್ತಿಲ್ಲ ಅಂತಾದರೆ ಕೂಡಲೇ ಆರ್‌ಆರ್ ಯೂನಿಟ್ ಕೊಳ್ಳಬೇಡಿ. ನಿಮ್ಮದು ಕರಾವಳಿ. ಅಲ್ಲಿನ ಗಾಡಿಗಳಲ್ಲಿ ನಾನು ಮೊದಲು ಬಿಚ್ಚುವುದು ಕಪ್ಲರ್, ಅಂದರೆ ವೈರುಗಳನ್ನು ಜೋಡಿಸುವ ಕೊಂಡಿ. ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ವೈರುಗಳು ಆರ್‌ಆರ್ ಯೂನಿಟ್‌ಗೆ ಸೇರುವ ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಕಪ್ಲರ್ ಇರುತ್ತದೆ. ಆರ್‌ಆರ್ ಅಂದರೆ ಅಲ್ಯೂಮಿನಿಯಂ ರೆಕ್ಕೆಗಳಿರುವ ಪುಟ್ಟ ಡಬ್ಬಿ. ಕೆಲವು ಗಾಡಿಗಳಲ್ಲಿ ಮುಂದಿನ ಪ್ಯಾನಲ್ ಒಳಗೆ, ಕೆಲವದರಲ್ಲಿ ಸೀಟಿನ ಕೆಳಗೆ ಇರುತ್ತದೆ. ಕಪ್ಲರಿನ ಲಾಕನ್ನು ಉಗುರಿನಿಂದ ಎತ್ತಿ, ವೈರ್ ಹಿಡಿದು ಜಗ್ಗದೆ ಕಪ್ಲರಿನ ಮೈಯನ್ನೇ ಹಿಡಿದು ಎಳೆಯಿರಿ. ಬೆಳಕಿಗೆ ಹಿಡಿದು ಒಳಗೆ ನೋಡಿ. ಸರಿ ಇರುವ ಪಿನ್ ಹಿತ್ತಾಳೆ ಹಳದಿಯಲ್ಲಿ ಹೊಳೆಯುತ್ತದೆ. ಕೆಟ್ಟದ್ದರ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಅದೇ ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಅಂಚು ಕರಗಿ ಒಳಕ್ಕೆ ಕುಸಿದಿರುತ್ತದೆ. ಅಲ್ಲಿಂದ ಹೊರಡುವ ವೈರಿನ ಮೊದಲ ಒಂದು ಇಂಚು ಗಟ್ಟಿಯಾಗಿ, ಬಗ್ಗಿಸಿದರೆ ಮೇಲಿನ ಪ್ಲಾಸ್ಟಿಕ್ ಚಟ್ ಅಂತ ಒಡೆಯುತ್ತದೆ. ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಪಿನ್ ಸಡಿಲವಾದರೆ ಅಲ್ಲಿ ಬಿಸಿ ಹುಟ್ಟುತ್ತದೆ, ಬಿಸಿಯಿಂದ ಇನ್ನಷ್ಟು ಸಡಿಲ. ಉಪ್ಪು ಗಾಳಿ ಇದನ್ನು ಬೇಗ ಬೇಗ ಮಾಡಿಸುತ್ತದೆ. ಇದನ್ನು ನೋಡದೆ ಹೊಸ ಆರ್‌ಆರ್ ಹಾಕಿದರೆ, ಹೊಸದನ್ನೂ ಅದೇ ಸುಟ್ಟ ಕಪ್ಲರಿಗೇ ಚುಚ್ಚುತ್ತಾರೆ. ಮತ್ತೆ ಅದೇ ತೊಂದರೆ ಬರುವುದು ಹೀಗೆ.

ಕಿಲುಬು ಮಾತ್ರ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಸಣ್ಣ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಪಿನ್ ಕೂರುವ ಜಾಗವನ್ನು ನೋಸ್ ಪ್ಲೈಯರಿನಲ್ಲಿ ಒಂಚೂರು ಒತ್ತಿ ಬಿಗಿ ಮಾಡಿಸಿ. ಕರಗಿದ್ದರೆ ಕತ್ತರಿಸಿ ಹೊಸ ಕಪ್ಲರ್ ಹಾಕಿಸಬೇಕು. ವೈರ್ ತಿರುಚಿ ಟೇಪ್ ಸುತ್ತಲು ಬಿಡಬೇಡಿ. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗುತ್ತದೆ, ಮಳೆ ನೀರು ಒಳಗೆ ಸೇರುತ್ತದೆ, ಮುಂದಿನ ಆಷಾಢಕ್ಕೆ ನೀವು ನನಗೆ ಮತ್ತೆ ಪತ್ರ ಬರೆಯಬೇಕಾಗುತ್ತದೆ.

ಚಾರ್ಜ್ ಸರಿಯಾಗಿ ಬರುತ್ತಿದೆ, ಬ್ಯಾಟರಿಯೂ ತುಂಬಿದೆ, ಆದರೂ ಸೆಲ್ಫ್ ಎಳೆಯುವುದಿಲ್ಲ ಅಂದರೆ ಅರ್ತ್ ನೋಡಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಎಂಜಿನ್ನಿನ ಬರಿ ಲೋಹಕ್ಕೆ. ಸೆಲ್ಫ್ ಒತ್ತಿ. ಸೊನ್ನೆಗೆ ಹತ್ತಿರ ಇರಬೇಕು. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕರೆಂಟ್ ವಾಪಸ್ ಬರುವ ದಾರಿ ಕೆಟ್ಟಿದೆ. ಮೈನಸ್ ವೈರ್ ಚಾಸಿಗೆ ಸೇರುವ ಬೋಲ್ಟ್ ಬಿಚ್ಚಿಸಿ, ಎಮರಿ ಪೇಪರಿನಲ್ಲಿ ತುಕ್ಕು ಮತ್ತು ಬಣ್ಣ ಉಜ್ಜಿಸಿ, ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿಸಿ. ಒಂದು ಸ್ಪ್ಯಾನರಿನ ಕೆಲಸ ಇದು. ಇದನ್ನು ಯಾರೂ ಮಾಡುವುದಿಲ್ಲ, ಯಾಕೆಂದರೆ ಇದರಲ್ಲಿ ಮಾರುವ ಪಾರ್ಟ್ ಯಾವುದೂ ಇಲ್ಲ.

ಈಗ ನಿಮ್ಮ ಮೊಬೈಲ್ ಚಾರ್ಜರ್. ಅದರ ವೈರನ್ನು ಎಲ್ಲಿಂದ ತೆಗೆದಿದ್ದಾರೆ ಅಂತ ಕೇಳಿ. ಕೀ ಹಾಕಿದ ಮೇಲೆ ಮಾತ್ರ ಬರುವ ಲೈನಿಗೆ ಕೊಟ್ಟಿದ್ದರೆ ಸರಿ. ನೇರ ಬ್ಯಾಟರಿಗೆ ಕೊಟ್ಟಿದ್ದರೆ ರಾತ್ರಿಯೆಲ್ಲ ಹನಿ ಹನಿಯಾಗಿ ಕುಡಿಯುತ್ತಿರುತ್ತದೆ. ಲೆಕ್ಕ ಹಾಕಿ. 20 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಗಂಟೆ ಹೋಯಿತು. 4 ಆಂಪಿಯರ್-ಗಂಟೆಯ ಬ್ಯಾಟರಿ ಎಂಟು ದಿನಕ್ಕೆ ಖಾಲಿ. ಸೋರಿಕೆ ಅಳೆಯಬೇಕಾದರೆ ಕೀ ತೆಗೆದು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಆ ವೈರಿಗೂ ಮೈನಸ್ ಟರ್ಮಿನಲ್ಲಿಗೂ ನಡುವೆ ಮೀಟರ್ ಸೇರಿಸಬೇಕು. ಕೆಂಪು ಕಡ್ಡಿ 10 ಆಂಪಿಯರ್ ತೂತಿನಲ್ಲಿರಲಿ, ಗುಂಡಿಯೂ ಅಲ್ಲೇ ಇರಲಿ. ಮೀಟರ್ ಹಾಗೆ ಸೇರಿಸಿರುವಾಗ ಸೆಲ್ಫ್ ಒತ್ತಬೇಡಿ, ಮೀಟರ್ ಸುಟ್ಟುಹೋಗುತ್ತದೆ. 0.00 ತೋರಿಸಿದರೆ ಸಮಾಧಾನ. 0.02, 0.05 ಅಂತ ತೋರಿಸಿದರೆ ಚಾರ್ಜರಿನ ವೈರ್ ಕಳಚಿ ನೋಡಿ. ಅಂಕಿ ಇಳಿದರೆ ಕಳ್ಳ ಸಿಕ್ಕಿದ ಹಾಗೆ.

ಕೊನೆಯದಾಗಿ ನಿಮ್ಮ ಎರಡು ಕಿಲೋಮೀಟರ್. ಸೆಲ್ಫ್ ಒತ್ತಿದ ಒಂದೆರಡು ಸೆಕೆಂಡಿನಲ್ಲಿ ಬ್ಯಾಟರಿ ಹತ್ತಾರು ಆಂಪಿಯರ್ ಕೊಡುತ್ತದೆ. ಅಷ್ಟನ್ನು ವಾಪಸ್ ತುಂಬಲು ನಾಲ್ಕೈದು ನಿಮಿಷದ ಓಟ ಸಾಲದೆ ಹೋಗಬಹುದು. ಅದರಲ್ಲೂ ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್. ಬೆಳಗಿನ ಮೊದಲ ಸ್ಟಾರ್ಟ್ ಕಿಕ್ಕಿನಲ್ಲೇ ಮಾಡಿ. ವಾರಕ್ಕೊಮ್ಮೆ ಕೋಟೇಶ್ವರದ ಕಡೆಗೋ ಮರವಂತೆ ಕಡೆಗೋ ಒಂದು ಉದ್ದದ ಸುತ್ತು ಹೋಗಿ ಬನ್ನಿ. ಗಾಡಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಪ್ರಶ್ನೆ: ಅಣ್ಣಾ, ನನ್ನ ಸ್ಕೂಟರಿನಲ್ಲಿ ವಾರಕ್ಕೊಂದು ಫ್ಯೂಸ್ ಹೋಗುತ್ತಿತ್ತು. ಒಮ್ಮೆ ತಿರುವಿನಲ್ಲಿ, ಇನ್ನೊಮ್ಮೆ ಗಾಡಿ ನಿಲ್ಲಿಸುವಾಗ. ಈಗ ಗ್ಯಾರೇಜಿನವರು ಫ್ಯೂಸ್ ಜಾಗಕ್ಕೆ ವೈರ್ ಕಟ್ಟಿ ಕೊಟ್ಟಿದ್ದಾರೆ. ಒಂದು ತಿಂಗಳಿಂದ ತೊಂದರೆ ಇಲ್ಲ. ಹೀಗೇ ಇರಲಿ ಅಲ್ವಾ?
– ಹಾಲಿನ ಡೇರಿ ನೌಕರ, ಹಾಸನ

ಉತ್ತರ: ಇರಬಾರದು. ಈ ಸಾಲು ಓದಿದ ಕೂಡಲೇ ಆ ವೈರ್ ಕಿತ್ತು ಹಾಕಿ. 10 ಆಂಪಿಯರ್ ಫ್ಯೂಸ್ ಸುಡುವುದು ವೈರ್ ಸುಡದಿರಲಿ ಅಂತ. ಈಗ ನಿಮ್ಮ ಗಾಡಿಯಲ್ಲಿ ಶಾರ್ಟ್ ಆದರೆ ಸುಡುವುದು ವೈರಿಂಗ್ ಕಿಟ್ಟೇ. ಎಷ್ಟೋ ಸ್ಕೂಟರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ನೀವು ಕೂರುವ ಸೀಟಿನ ಕೆಳಗೆ. ತೊಂದರೆ ಹೋಗಿಲ್ಲ, ಅದನ್ನು ಹೇಳುತ್ತಿದ್ದವನ ಬಾಯಿ ಮುಚ್ಚಿಸಿದ್ದಾರೆ. 10ರ ಜಾಗಕ್ಕೆ 20 ಹಾಕುವುದೂ ಇದೇ ತಪ್ಪು.

ಹುಡುಕುವ ದಾರಿ ಹೇಳುತ್ತೇನೆ, ನಿಮ್ಮ ಗ್ಯಾರೇಜಿನವರಿಗೂ ತೋರಿಸಿ. ಬ್ರೇಕ್ ಲೈಟಿನ 12 ವೋಲ್ಟ್ 21 ವ್ಯಾಟ್ ಬಲ್ಬೊಂದಕ್ಕೆ ಎರಡು ವೈರ್ ಬೆಸುಗೆ ಹಾಕಿ, ಫ್ಯೂಸ್ ಕೂರುವ ಎರಡು ಕಡೆಗೆ ಕೊಡಿ. ಎಲ್ಲ ಸ್ವಿಚ್ ಆಫ್ ಮಾಡಿ ಕೀ ಹಾಕಿ. ಬಲ್ಬ್ ಉರಿಯದಿದ್ದರೆ, ಅಥವಾ ಮಂಕಾಗಿ ಉರಿದರೆ, ಸದ್ಯಕ್ಕೆ ಶಾರ್ಟ್ ಇಲ್ಲ. ಪೂರ್ತಿ ಬೆಳಕಾದರೆ ಶಾರ್ಟ್ ಇದೆ. ಬಲ್ಬ್ ನಡುವೆ ಇರುವುದರಿಂದ ಎರಡು ಆಂಪಿಯರಿಗಿಂತ ಜಾಸ್ತಿ ಹರಿಯುವುದಿಲ್ಲ, ಫ್ಯೂಸ್ ಮೇಲೆ ಫ್ಯೂಸ್ ಸುಡುವುದೂ ತಪ್ಪುತ್ತದೆ. ಈಗ ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಬ್ರೇಕ್ ಹಿಡಿಯಿರಿ. ಸೀಟ್ ಎತ್ತಿ ಇಳಿಸಿ. ಹಿಂದಿನ ಮಡ್‌ಗಾರ್ಡ್ ಅಲ್ಲಾಡಿಸಿ. ಯಾವಾಗ ಬಲ್ಬ್ ಒಮ್ಮೆಲೇ ಬೆಳಗುತ್ತದೋ ಕೈ ಅಲ್ಲೇ ನಿಲ್ಲಲಿ. ಬ್ರೇಕ್ ಹಿಡಿದಾಗ ಬ್ರೇಕ್ ಲೈಟಿನಿಂದಲೂ ಟೆಸ್ಟ್ ಬಲ್ಬ್ ಅರೆಬರೆ ಉರಿಯುತ್ತದೆ, ಅದನ್ನು ಶಾರ್ಟ್ ಅಂದುಕೊಳ್ಳಬೇಡಿ. ಬ್ರೇಕ್ ಲೈಟ್ ಬಲ್ಬ್ ತೆಗೆದು ಇನ್ನೊಮ್ಮೆ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ನೀವು ತಿರುವಿನಲ್ಲಿ ಹೋಯಿತು ಅಂದಿದ್ದೀರಿ. ನನ್ನ ಅನುಮಾನ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಅದರ ಹತ್ತಿರದ ವೈರಿಂಗ್ ಮೇಲೆ. ಹ್ಯಾಂಡಲ್ ತಿರುಗಿದಾಗಲೆಲ್ಲ ಅಲ್ಲಿ ವೈರ್ ಕಟ್ಟು ಚಾಸಿಗೆ ಉಜ್ಜುತ್ತದೆ. ವರ್ಷಗಳು ಕಳೆದಂತೆ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಇಣುಕುತ್ತದೆ. ನಿಲ್ಲಿಸುವಾಗ ಹೋದದ್ದು ಬ್ರೇಕ್ ಹಿಡಿದದ್ದಕ್ಕೋ, ಸೈಡಿಗೆ ಹ್ಯಾಂಡಲ್ ತಿರುಗಿಸಿದ್ದಕ್ಕೋ ಅಂತ ನೆನಪು ಮಾಡಿಕೊಳ್ಳಿ. ಸವೆದ ಜಾಗ ಸಿಕ್ಕಿದರೆ ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ಹ್ಯಾಂಡಲ್ ಪೂರ್ತಿ ತಿರುಗಿದರೂ ವೈರ್ ಬಿಗಿಯದಷ್ಟು ಸಡಿಲ ಬಿಟ್ಟು ಕಟ್ಟಿಸಿ. ಆಮೇಲೆ 10 ಆಂಪಿಯರ್ ಫ್ಯೂಸ್. ಅಥವಾ ನಿಮ್ಮ ಫ್ಯೂಸ್ ಡಬ್ಬಿಯ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ.

ಪ್ರಶ್ನೆ: ನನ್ನ ಬಿಎಸ್6 ಸ್ಕೂಟರಿನಲ್ಲಿ ಒಮ್ಮೊಮ್ಮೆ ಸೆಲ್ಫ್ ಒತ್ತಿದರೆ ಏನೂ ಆಗುವುದಿಲ್ಲ, ಟಕ್ ಅಂತಲೂ ಅನ್ನುವುದಿಲ್ಲ. ಐದು ನಿಮಿಷ ಬಿಟ್ಟರೆ ಸರಿಯಾಗುತ್ತದೆ. ಸರ್ವಿಸಿಗೆ ಕೊಟ್ಟರೆ ಅಲ್ಲಿ ಸರಿಯಾಗಿಯೇ ಸ್ಟಾರ್ಟ್ ಆಗುತ್ತದೆ!
– ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಟಕ್ ಕೂಡ ಇಲ್ಲ ಅಂದರೆ ರಿಲೇವರೆಗೂ ಕರೆಂಟ್ ಹೋಗುತ್ತಿಲ್ಲ. ಬ್ರೇಕ್ ಹಿಡಿಯದೆ ಸ್ಕೂಟರಿನಲ್ಲಿ ಸೆಲ್ಫ್ ಕೆಲಸ ಮಾಡುವುದಿಲ್ಲ, ಗೊತ್ತಲ್ವಾ? ಗಾಡಿ ಒಮ್ಮೆಲೇ ಮುಂದೆ ನುಗ್ಗದಿರಲಿ ಅಂತ ಆ ಏರ್ಪಾಡು. ಬ್ರೇಕ್ ಲಿವರಿನ ಬುಡದಲ್ಲಿರುವ ಪುಟ್ಟ ಸ್ವಿಚ್ಚೇ ಬ್ರೇಕ್ ಲೈಟನ್ನೂ ಉರಿಸುತ್ತದೆ, ಸೆಲ್ಫಿಗೂ ಒಪ್ಪಿಗೆ ಕೊಡುತ್ತದೆ. ಧೂಳು, ಮಳೆ, ಗಾಡಿ ತೊಳೆಯುವ ಪ್ರೆಷರ್ ನೀರು ಎಲ್ಲವೂ ಬೀಳುವುದು ಅದರ ಮೇಲೆಯೇ.

ಮುಂದಿನ ಸಲ ಹೀಗಾದಾಗ ಗಾಬರಿಯಾಗದೆ ಹಿಂದೆ ಯಾರಿಗಾದರೂ ನೋಡಲು ಹೇಳಿ. ಎಡಗೈ ಲಿವರ್ ಹಿಡಿದರೆ ಬ್ರೇಕ್ ಲೈಟ್ ಬರುತ್ತಿದೆಯಾ? ಬಲಗೈದು? ಎಡಗೈಯದ್ದಕ್ಕೆ ಬಾರದೆ ಬಲಗೈಯದ್ದಕ್ಕೆ ಬಂದರೆ ಬಲಗೈ ಬ್ರೇಕ್ ಹಿಡಿದು ಸೆಲ್ಫ್ ಒತ್ತಿ. ಸ್ಟಾರ್ಟ್ ಆದರೆ ಕೆಟ್ಟಿರುವುದು ಎಡಗೈ ಸ್ವಿಚ್, ಅದು ದುಬಾರಿ ಪಾರ್ಟ್ ಅಲ್ಲ. ಎರಡರಲ್ಲೂ ಬ್ರೇಕ್ ಲೈಟ್ ಬರುತ್ತಿದೆ, ಆದರೂ ಸೆಲ್ಫ್ ಇಲ್ಲ ಅಂದರೆ ಸೈಡ್ ಸ್ಟ್ಯಾಂಡ್ ನೋಡಿ. ಹೊಸ ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಸ್ಟಾರ್ಟ್ ಆಗದಂತೆ ಒಂದು ಸ್ವಿಚ್ ಇರುತ್ತದೆ. ಕೆಸರು ಮೆತ್ತಿಕೊಂಡರೆ, ಸ್ಟ್ಯಾಂಡ್ ಎತ್ತಿದ್ದರೂ ಇಳಿದಿದೆ ಅಂದುಕೊಳ್ಳುತ್ತದೆ. ಎಂಜಿನ್ ಕಿಲ್ ಸ್ವಿಚ್ ಇದ್ದರೆ ಅದನ್ನೂ ಎರಡು ಸಲ ಆಚೀಚೆ ಒತ್ತಿ.

ಇನ್ನೊಂದು ಮಾತು. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಸ್ಕೂಟರುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಪೆಟ್ರೋಲ್ ಕೊಡುವುದು ಕರೆಂಟಿನ ಪಂಪ್. ಕೀ ಹಾಕಿದ ತಕ್ಷಣ ಒಂದೆರಡು ಸೆಕೆಂಡ್ ಝುಂಯ್ ಅನ್ನುವ ಸಣ್ಣ ಶಬ್ದ ಕೇಳುತ್ತದಲ್ಲ, ಅದು ಇದೇ ಪಂಪ್. ಹಳೆ ಗಾಡಿಗಳಂತೆ ಸತ್ತ ಬ್ಯಾಟರಿಯಲ್ಲಿ ಕಿಕ್ ಹೊಡೆದು ಹೊರಡುವ ಧೈರ್ಯ ಇವುಗಳಲ್ಲಿ ಬೇಡ. ಸರ್ವಿಸಿಗೆ ಕೊಡುವಾಗ ತೊಂದರೆ ಬಂದಾಗ ಬ್ರೇಕ್ ಲೈಟ್ ಬರುತ್ತಿತ್ತೋ ಇಲ್ಲವೋ, ಪಂಪ್ ಶಬ್ದ ಇತ್ತೋ ಇಲ್ಲವೋ ಅಂತ ಚೀಟಿಯಲ್ಲಿ ಬರೆದು ಕೊಡಿ. ಅವರಿಗೂ ಹುಡುಕಲು ಒಂದು ತುದಿ ಸಿಗುತ್ತದೆ.

ಪ್ರಶ್ನೆ: ಸರ, ನಂದು 1989ರ ಚೇತಕ್ ಐತ್ರಿ. ಅಪ್ಪಾರು ತಗೊಂಡಿದ್ದು, ಮಾರೂ ಮನಸ್ಸಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮ್ಯಾಲೆ ಬಂದ್ ಬೀಳ್ತೈತಿ. ಅರ್ಧ ತಾಸು ಆರಿಸಿದ್ರ ಮತ್ತ ಚಾಲೂ ಆಕ್ಕೈತಿ. ಪ್ಲಗ್ ಮೂರು ಬದಲಿ ಮಾಡೇನಿ.
– ರೈತ, ಧಾರವಾಡ ತಾಲ್ಲೂಕು

ಉತ್ತರ: ಮಾರಬೇಡಿ ಯಜಮಾನರೇ, ಇದು ಸರಿಯಾಗುವ ತೊಂದರೆಯೇ. ಬಂದ್ ಬಿದ್ದ ಆ ಗಳಿಗೆಯಲ್ಲೇ ಪರೀಕ್ಷೆ ಮಾಡಬೇಕು. ಆರಿದ ಮೇಲೆ ಮಾಡಿದರೆ ಎಲ್ಲವೂ ಸರಿ ಇದೆ ಅನ್ನುತ್ತದೆ. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ಹಾಕಿ ಕಿಕ್ ಹೊಡೆಯಿರಿ. ಅಷ್ಟಕ್ಕೇ ಚಾಲೂ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಕರೆಂಟಿನ ತೊಂದರೆ ಅಲ್ಲ. ಆಗದಿದ್ದರೆ ಮುಚ್ಚಳ ಭದ್ರ ಮಾಡಿ, ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ.

ನೀಲಿ ಕಿಡಿ ಚಟ್ ಚಟ್ ಅಂತ ಬಂದರೆ ಕಾರ್ಬ್ಯುರೇಟರ್ ಕಡೆ ನೋಡಿ. ಕಿಡಿಯೇ ಇಲ್ಲ, ಅಥವಾ ಕೆಂಪಗೆ ಸೊರಗಿದೆ ಅಂದರೆ ನಿಮ್ಮದು ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಇರುವ ಗಾಡಿ, ಮೊದಲ ಅನುಮಾನ ಆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್. ಬಿಸಿಯಾದಾಗ ಕೈಕೊಟ್ಟು ಆರಿದ ಮೇಲೆ ಸರಿಯಾಗುವುದು ಅದರ ಹಳೆ ಚಾಳಿ. ಫ್ಲೈವೀಲ್ ಕಿಟಕಿಯಿಂದ ಪಾಯಿಂಟ್ ನೋಡಿಸಿ. ಮುಖ ಸುಟ್ಟು ಕಪ್ಪು-ನೀಲಿಯಾಗಿ ಗುಳಿ ಬಿದ್ದಿದ್ದರೆ ಕಂಡೆನ್ಸರ್ ಬಲಹೀನ ಆಗಿದೆ ಅನ್ನುವುದು ಹೆಚ್ಚು ಕಮ್ಮಿ ಖಾತ್ರಿ. ಪಾಯಿಂಟ್ ಮತ್ತು ಕಂಡೆನ್ಸರ್ ಒಟ್ಟಿಗೇ ಬದಲಾಯಿಸಿ ಗ್ಯಾಪ್ 0.4 ಮಿಲಿಮೀಟರ್ ಇಡಿಸಿ. ಆಮೇಲೂ ಬಂದ್ ಬಿದ್ದರೆ ಅನುಮಾನ ಪ್ಲಗ್ಗಿಗೆ ಕಿಡಿಯ ಕರೆಂಟ್ ಕಳಿಸುವ ಎಚ್‌ಟಿ ಕಾಯಿಲ್. ಪ್ಲಗ್ ಮಾತ್ರ ಇನ್ನು ಕೊಳ್ಳಬೇಡಿ.

ಪ್ರಶ್ನೆ: ಹೆಡ್‌ಲೈಟ್ ಬೆಳಕು ಸಾಲದು, ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಮಂಕಾಗುತ್ತದೆ. ಕಾರಿನ 60/55 ವ್ಯಾಟ್ ಬಲ್ಬ್ ಹಾಕಬಹುದಾ? 2014ರ ಸ್ಕೂಟರ್. – ಅಂಚೆ ನೌಕರ, ಚಿಕ್ಕಮಗಳೂರು

ಉತ್ತರ: ಹಾಕಬೇಡಿ. ನಿಮ್ಮ ಗಾಡಿಯಲ್ಲಿ ಹೆಡ್‌ಲೈಟ್ ನೇರ ಮ್ಯಾಗ್ನೆಟ್ ಕಾಯಿಲ್‌ನಿಂದ ಉರಿಯುತ್ತದೆ, ಬ್ಯಾಟರಿಯಿಂದ ಅಲ್ಲ. ಎಂಜಿನ್ ನಿಧಾನವಾದರೆ ಮಂಕಾಗುವುದು ಸಹಜ. 35/35 ವ್ಯಾಟಿಗೆ ಮಾಡಿದ ಹೋಲ್ಡರಿಗೆ 60 ವ್ಯಾಟ್ ಹಾಕಿದರೆ ಬೆಳಕು ಏರುವುದಿಲ್ಲ, ಹೋಲ್ಡರ್ ಕರಗುತ್ತದೆ. ಹೋಲ್ಡರಿನ ಅರ್ತ್ ಪಿನ್ ಉಜ್ಜಿಸಿ, ಒಳಗಿನ ರಿಫ್ಲೆಕ್ಟರ್ ಮಸುಕಾಗಿದೆಯಾ ನೋಡಿಸಿ. ಘಾಟಿ ರಸ್ತೆಯಲ್ಲಿ ಜಾಸ್ತಿ ಬೆಳಕು ಬೇಕೇ ಬೇಕು ಅಂದರೆ ಸಣ್ಣ ಎಲ್‌ಇಡಿ ಲೈಟನ್ನು ಬೇರೆ ರಿಲೇ, ಬೇರೆ ಫ್ಯೂಸ್ ಕೊಟ್ಟು ಹಾಕಿಸಿ. ಎದುರಿನವರ ಕಣ್ಣಿಗೆ ಹೊಡೆಯದಂತೆ ಕೆಳಕ್ಕೆ ತಿರುಗಿಸಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ದಾವಣಗೆರೆ ಮನೆಯಲ್ಲಿ ಸ್ಕೂಟರ್ ತಿಂಗಳುಗಟ್ಟಲೆ ನಿಂತಿರುತ್ತದೆ. ಬಂದಾಗಲೆಲ್ಲ ಬ್ಯಾಟರಿ ಸತ್ತಿರುತ್ತದೆ. ಅಪ್ಪ ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾರೆ.

ಉತ್ತರ: ಎರಡು ನಿಮಿಷ ಸ್ಟಾರ್ಟ್ ಮಾಡುವುದನ್ನು ನಿಲ್ಲಿಸಲು ಹೇಳಿ. ಸೆಲ್ಫ್ ತೆಗೆದುಕೊಂಡದ್ದು ಅಷ್ಟರಲ್ಲಿ ವಾಪಸ್ ಬರುವುದಿಲ್ಲ. ಊರು ಬಿಡುವ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ, ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ ಮನೆಯೊಳಗೆ ತಂಪು ಜಾಗದಲ್ಲಿಡಿ. ಎರಡು ತಿಂಗಳಿಗೊಮ್ಮೆ ಅಂಗಡಿಯಲ್ಲಿ ಅರ್ಧ ಆಂಪಿಯರ್‌ನಷ್ಟು ನಿಧಾನ ಚಾರ್ಜ್ ಮಾಡಿಸಿದರೆ ಸಾಕು. ಕಾರಿನ ಬ್ಯಾಟರಿ ಜೊತೆ ದೊಡ್ಡ ಚಾರ್ಜರಿಗೆ ಹಾಕಲು ಬಿಡಬೇಡಿ, 4-5 ಆಂಪಿಯರ್-ಗಂಟೆಯ ಪುಟ್ಟ ಬ್ಯಾಟರಿ ಉಬ್ಬಿಹೋಗುತ್ತದೆ. ಸೀಲ್ ಇರುವ ಬ್ಯಾಟರಿಗೆ ನೀರು ಹಾಕುವ ಕೆಲಸವೂ ಇಲ್ಲ. ವಾಪಸ್ ಜೋಡಿಸುವಾಗ ಮೊದಲು ಪ್ಲಸ್, ಆಮೇಲೆ ಮೈನಸ್.

ಪ್ರಶ್ನೆ: ಅಡಿಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುತ್ತೇವೆ. ಇಲಿ ವೈರ್ ಕಡಿಯುತ್ತದೆ. ಏನು ಹಚ್ಚಬೇಕು? – ಕೃಷಿಕ, ತೀರ್ಥಹಳ್ಳಿ

ಉತ್ತರ: ಹಚ್ಚುವ ಔಷಧಿಗಳನ್ನು ನಾನು ನಂಬುವುದಿಲ್ಲ, ಒಂದು ಮಳೆಗೆ ತೊಳೆದುಹೋಗುತ್ತವೆ. ಗಾಡಿಯನ್ನು ಗೋಣಿಚೀಲದ ರಾಶಿಯಿಂದ ದೂರ, ಬೆಳಕು ಬೀಳುವ ಕಡೆ ನಿಲ್ಲಿಸಿ. ಡಿಕ್ಕಿಯಲ್ಲಿ ತಿಂಡಿ, ಕಾಳು, ಬಟ್ಟೆ ಇಡಬೇಡಿ. ಕಡಿದ ವೈರ್ ಸರಿ ಮಾಡಿಸುವಾಗ ಅದರ ಮೇಲೆ ಸುಕ್ಕು ಸುಕ್ಕಾದ ಗಟ್ಟಿ ಪ್ಲಾಸ್ಟಿಕ್ ಪೈಪ್ ತೊಡಿಸಿ ಅಂತ ಹೇಳಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಂದು ವೈರ್ ಕಡಿದಿದ್ದರೆ ಪಕ್ಕದ್ದಕ್ಕೂ ಹಲ್ಲು ತಾಗಿರುತ್ತದೆ. ಕಟ್ಟನ್ನು ಒಂದು ಗೇಣಿನಷ್ಟು ಆಚೀಚೆ ಬಿಚ್ಚಿಸಿ ಪ್ರತಿ ವೈರನ್ನೂ ನೋಡಿಸಿಯೇ ಮುಚ್ಚಿಸಿ.